ಎಡಗಿವಿಯ ಬ್ಯಾಟರಿ

ಮಾರ್ಚ್ ೩, ಸೋಮವಾರ

ಸಿಟ್ಟು ಬಂದಾಗ ಕಿರುಚಬೇಡಿ, ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ರಕ್ತದೊತ್ತಡ ಇಳಿಯುತ್ತದಂತೆ. ಉಪ್ಪು ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದರೆ ಸಾಕಿತ್ತು, ಅದನ್ನೂ ಹೇಳಿದ್ದಾರೆ. ನನ್ನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವುದರಿಂದ ಎರಡನ್ನೂ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಸರಿ, ಬರೆಯುತ್ತೇನೆ.

ಇವತ್ತಿನ ಸಿಟ್ಟು ಮೀಸೆಯ ಮೇಲೆ.

ನಾವು ಹತ್ತಾರು ಮಂದಿ ಬೇರೆ ಬೇರೆ ಊರುಗಳಲ್ಲಿ ಕೂತು ಬಿಡುವಿನ ವೇಳೆಯಲ್ಲಿ ಒಂದು ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಕಟ್ಟುತ್ತೇವೆ. ಮನೆಯ ಮೇಜಿನ ಮೇಲಿನ ಕಂಪ್ಯೂಟರಿಗೆ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಅದರಲ್ಲಿ ಬ್ಲೂಟೂತ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆದವನು ಅದನ್ನು ಕೈಬಿಟ್ಟು ಹೋಗಿದ್ದಾನೆ. ಆ ಜಾಗಕ್ಕೆ ಈಗ ಬೇರೆಯದು ಬೇಕು. ಆಯ್ಕೆಯಾದದ್ದು ಡೀಫಾಲ್ಟ್ ಆಗುತ್ತದೆ, ಅಂದರೆ ಲಿನಕ್ಸ್ ಹಾಕಿಕೊಂಡ ಪ್ರತಿ ಮನೆಯಲ್ಲೂ ತಾನಾಗಿ ಬಂದು ಕೂರುತ್ತದೆ. ಬೇಡವಾದವರು ಬದಲಾಯಿಸಿಕೊಳ್ಳಬಹುದು. ಯಾರೂ ಬದಲಾಯಿಸುವುದಿಲ್ಲ. ಬದಲಾಯಿಸಬಹುದು ಎನ್ನುವುದೇ ಜನರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಡೀಫಾಲ್ಟ್ ಆದವನೇ ರಾಜ, ಉಳಿದವರು ಮೂಲೆಗುಂಪು.

ಕಣದಲ್ಲಿ ಎರಡೇ ಎರಡು. ಒಂದು, ನಾನು ಮೂರು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ‘ನಂಟು’. ಸ್ವಚ್ಛ ಪರದೆ, ಮೇಲೊಂದು ದೊಡ್ಡ ಸ್ವಿಚ್, ಕೆಳಗೆ ಒಂದು ಪಟ್ಟಿ. ಅಷ್ಟೇ. ಇನ್ನೊಂದಕ್ಕೆ ನಾನಿಟ್ಟ ಹೆಸರು ‘ಹಳೆಪೆಟ್ಟಿಗೆ’. ತೆರೆದರೆ ಸಾಕು, ಗುಂಡಿಗಳು ಮೈಮೇಲೆ ಬೀಳುತ್ತವೆ. ಅದನ್ನು ಸಾಕುತ್ತಿರುವವನೇ ಮೀಸೆ. ನಮ್ಮ ಸಭೆಗಳೆಲ್ಲ ಆನ್‌ಲೈನಿನಲ್ಲಿ, ಬರೀ ದನಿ; ಅವನನ್ನು ನಾನು ನೋಡಿರುವುದು ಫೋಟೋದಲ್ಲಿ ಮಾತ್ರ, ಅದರಲ್ಲೂ ಮೀಸೆಯೇ ಜಾಸ್ತಿ ಕಾಣುತ್ತದೆ.

ನೇರವಾಗಿ ನಂಟು ಎಂದು ಘೋಷಿಸಿ ಮುಗಿಸಬಹುದಿತ್ತು. ನಮ್ಮ ತಂಡದ ಯಜಮಾನರು ಬಿಡಬೇಕಲ್ಲ! ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಗಾಂಭೀರ್ಯದಲ್ಲಿ ನಮ್ಮಜ್ಜ. ಅವರ ಅಪ್ಪಣೆ ಹೀಗಿದೆ. ನಾನೂ ಮೀಸೆಯೂ ಕಂಪ್ಯೂಟರ್ ತಿಳಿಯದ ಒಬ್ಬೊಬ್ಬರನ್ನು ಹಿಡಿದು, ಒಂದು ವಾರ ನಮ್ಮದನ್ನೂ ಇನ್ನೊಂದು ವಾರ ಎದುರಾಳಿಯದನ್ನೂ ಬಳಸಲು ಕೊಡಬೇಕು. ಅವರು ಬಳಸುವಾಗ ನಾವು ಹಿಂದೆ ನಿಂತು ನೋಡಬೇಕು. ಕೈ ಹಚ್ಚುವಂತಿಲ್ಲ, ಬಾಯಿ ಬಿಡುವಂತಿಲ್ಲ. ತಿಂಗಳ ಕೊನೆಯ ಸಭೆಯಲ್ಲಿ ಅವರೇ ಬಂದು ಮಾತಾಡಬೇಕು, ಆಗಲೂ ನಾವು ಮೂಕ. ಅಲ್ಲಿಯವರೆಗೆ ಎರಡು ಸಾಫ್ಟ್‌ವೇರಿಗೂ ಬೀಗ, ಒಂದಕ್ಷರ ತಿದ್ದುವಂತಿಲ್ಲ.

“ಬಾಯಿ ಬಿಡದೆ ಇರೋದು ನಿಮಗೆ ಕಷ್ಟ ಆಗಬಹುದು” ಎಂದ ಮೀಸೆ. ನನಗೆ!

ಮಾರ್ಚ್ ೫, ಬುಧವಾರ

ಕಂಪ್ಯೂಟರ್ ತಿಳಿಯದವರನ್ನು ಎಲ್ಲಿಂದ ತರಲಿ ಎಂದು ಎರಡು ದಿನ ಯೋಚಿಸಿದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಅತ್ತೆ ಮನೆಯಲ್ಲೇ ಇದ್ದಾರಲ್ಲ!

ಹೆಂಡತಿಯ ತಾಯಿ. ಹೊಲಿಗೆ ಅಂಗಡಿ ನಡೆಸಿದವರು. ಮಂಡಿ ಆಪರೇಷನ್ ಆದಮೇಲೆ ನಮ್ಮಲ್ಲೇ ಇದ್ದಾರೆ. ಎಡಗಿವಿ ಕೇಳುವುದಿಲ್ಲ. ಬಲಗಿವಿ ಕೇಳಬಾರದ್ದನ್ನೆಲ್ಲ ಕೇಳುತ್ತದೆ. ಹಾಲ್‌ನ ಕಂಪ್ಯೂಟರಿನಲ್ಲಿ ಪ್ರತಿದಿನ ಒಂದು ಪತ್ತೇದಾರಿ ಧಾರಾವಾಹಿ ಕೇಳುತ್ತಾರೆ, ಕಟ್ಟಡಕ್ಕೆಲ್ಲ ಕೇಳುವಷ್ಟು ಜೋರಾಗಿ. ಕೆಳಮನೆಯ ಸೆಕ್ರೆಟರಿ (ಕಟ್ಟಡದ ಸಂಘಕ್ಕೆ ಅವರೇ ಸೆಕ್ರೆಟರಿ, ಅವರಿಗೆ ಬೇರೆ ಹೆಸರಿದ್ದರೂ ಯಾರಿಗೂ ನೆನಪಿಲ್ಲ) ಪೊರಕೆ ಹಿಡಿಯಿಂದ ತಮ್ಮ ತಾರಸಿಯನ್ನು, ಅಂದರೆ ನಮ್ಮ ನೆಲವನ್ನು, ಕುಟ್ಟುತ್ತಾರೆ. ಈ ಗದ್ದಲದಲ್ಲಿ ನಾನು ಕೆಲಸ ಮಾಡಬೇಕು. ರಕ್ತದೊತ್ತಡ ಎಲ್ಲಿಂದ ಬಂತು ಎಂದು ಡಾಕ್ಟರು ಕೇಳುತ್ತಾರೆ.

“ನಮ್ಮಮ್ಮ ಏನು ನಿಮಗೆ ಪ್ರಯೋಗದ ಇಲಿನಾ?” ಎಂದಳು ಹೆಂಡತಿ.

“ಇಲಿ ಯಾಕೆ ಅಂತೀಯ? ಬಳಕೆದಾರರು ಅನ್ನು.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಇಲಿಗೆ ಏನು ಕೊಡ್ತಾರಂತೆ ಕೇಳೇ!”

ಹೊಸ ಇಯರ್‌ಬಡ್ ಕೊಡುತ್ತೇನೆ ಎಂದೆ. ಒಪ್ಪಿದರು. ಅವರಿಗೆ ಕಿವಿಯಲ್ಲೇ ಕೊಲೆ, ನನಗೆ ನೆಮ್ಮದಿ. ನಂಟು ಬರೆದವನು ನಾನೇ ಎಂದು ಅತ್ತೆಗೆ ಹೇಳಕೂಡದೆಂದು ಹೆಂಡತಿಗೆ ತಾಕೀತು ಮಾಡಿದ್ದೇನೆ. ಅಭಿಪ್ರಾಯ ನಿಷ್ಪಕ್ಷಪಾತವಾಗಿರಬೇಕು.

ಮಾರ್ಚ್ ೬, ಗುರುವಾರ

ಕಂಪ್ಯೂಟರನ್ನು ಸಿಂಗರಿಸಿದೆ. ಅತ್ತೆ ಕೋಲೂರಿ ನಡೆಯುವಾಗ ಕಾಲಿಗೆ ತೊಡರಬಾರದೆಂದು ವೈರುಗಳನ್ನೆಲ್ಲ ಕಿತ್ತುಹಾಕಿದೆ. ಮೌಸ್ ಹೊಸದು, ಕೀಬೋರ್ಡ್ ಹೊಸದು, ಎರಡೂ ಬ್ಲೂಟೂತ್. ಹಳೆಯ ವೈರಿನವು ಗುಜರಿಗೆ ಹೋದವು. ನನ್ನ ಲ್ಯಾಪ್‌ಟಾಪಿನಿಂದ ಈ ಕಂಪ್ಯೂಟರಿನೊಳಗೆ ನುಗ್ಗಲು ಇದ್ದ ಕಳ್ಳದಾರಿಯನ್ನೂ ಮುಚ್ಚಿದೆ. ಸಾಮಾನ್ಯರ ಮನೆಯಲ್ಲಿ ಅದೆಲ್ಲ ಎಲ್ಲಿರುತ್ತದೆ?

ಅತ್ತೆ ಕೂತರು. ನಾನು ಹಿಂದೆ ಕೈಕಟ್ಟಿ ನಿಂತೆ. ಅತ್ತೆಯ ಮುಂದೆ ಅಳಿಯ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದಕ್ಕೆ ಒಂದು ಸಾಫ್ಟ್‌ವೇರ್ ತಂಡ ಸಭೆ ಸೇರಿ ನಿಯಮ ಮಾಡಬೇಕಿತ್ತೇ? ಆದರೂ ಮುಚ್ಚಿಕೊಂಡಿದ್ದೆ. ಪಟ್ಟಿಯಲ್ಲಿ ಇಯರ್‌ಬಡ್ ಕಾಣಿಸಿತು. ಒತ್ತಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸೇರಿಕೊಂಡಿತು!

“ಆಹಾ, ಏನು ಚೆಂದ ಮಾಡಿದ್ದಾರೆ! ಯಾರೋ ಬುದ್ಧಿವಂತರೇ ಮಾಡಿರಬೇಕು” ಎಂದರು ಅತ್ತೆ.

ನಾನು ನಿಯಮದ ಪ್ರಕಾರ ಸುಮ್ಮನಿದ್ದೆ. ಆದರೆ ಕಾಲು ನೆಲದ ಮೇಲಿರಲಿಲ್ಲ. ಒಂದೇ ಕೊರತೆ ಎಂದರೆ ಎಡಗಡೆಯ ಇಯರ್‌ಬಡ್ಡನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. “ಆ ಕಿವಿಗೆ ಯಾಕೆ ದಂಡ” ಎಂದರು. ಪರದೆಯ ಮೇಲೆ ಬಲಗಡೆಯ ಬ್ಯಾಟರಿ ಇಳಿಯುತ್ತಾ ಹೋಯಿತು, ಎಡಗಡೆಯದು ನೂರಕ್ಕೆ ನೂರು.

ಮಾರ್ಚ್ ೮, ಶನಿವಾರ

ಸಣ್ಣದೊಂದು ಘಟನೆ. ಬರೆಯುವಂಥದ್ದೇನಲ್ಲ.

ನಂಟಿನ ಪಟ್ಟಿ ಅಂದವಾಗಿರಲೆಂದು ನಾನು ಯಂತ್ರಗಳ ಉದ್ದುದ್ದ ಹೆಸರುಗಳನ್ನು ಕತ್ತರಿಸಿ, ಸ್ಪೀಕರ್, ಫೋನ್, ಇಯರ್‌ಬಡ್ ಎಂದಷ್ಟೇ ತೋರಿಸಿದ್ದೇನೆ. ಇವತ್ತು ಅಲ್ಲಿ ‘ಸ್ಪೀಕರ್’ ಎಂದು ಬಂತು. ಅತ್ತೆ ಅದನ್ನು ಒತ್ತಿದರು. ಧಾರಾವಾಹಿ ಶುರುವಾಯಿತು, ಆದರೆ ಸದ್ದೇ ಇಲ್ಲ. ಅತ್ತೆ ಕಂಪ್ಯೂಟರಿನ ದನಿ ಏರಿಸಿದರು. ಇನ್ನೂ ಏರಿಸಿದರು. ಪೂರ್ತಿ ಏರಿಸಿದರು.

ಆಮೇಲೆ ಸೆಕ್ರೆಟರಿ ಮೆಟ್ಟಿಲು ಹತ್ತಿ ಓಡಿಬಂದರು. ಅವರ ಹೊಸ ಸ್ಪೀಕರನ್ನು ಆಗಷ್ಟೇ ಡಬ್ಬದಿಂದ ತೆಗೆದು ಆನ್ ಮಾಡಿದ್ದರಂತೆ. ಅದು ಹಾಡುವ ಬದಲು “ಹೆಣ ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳು!” ಎಂದು ಗದರಿತಂತೆ.

“ಅಯ್ಯೋ, ಹಾಗಿದ್ರೆ ಹೇಳಿದ್ನಾ ಅವನು? ನಮಗಿಲ್ಲಿ ಕೇಳಿಸ್ಲೇ ಇಲ್ಲ” ಎಂದರು ಅತ್ತೆ.

ತಪ್ಪು ಸೆಕ್ರೆಟರಿಯದು. ಸ್ಪೀಕರನ್ನು ಹಾಗೆ ಬಾಗಿಲು ತೆರೆದಿಟ್ಟ ಮನೆಯಂತೆ ಇಡುತ್ತಾರೆಯೇ?

ಮಾರ್ಚ್ ೯, ಭಾನುವಾರ

ವಾರದ ಸಭೆ. ಮೀಸೆ ತನ್ನ ಅಪ್ಪನನ್ನು ಕೂರಿಸಿದ್ದಾನೆ. ಹಳೆಪೆಟ್ಟಿಗೆ ತೆರೆದ ತಕ್ಷಣ ಅವರಪ್ಪ ಕನ್ನಡಕ ತೆಗೆದಿಟ್ಟು ಎದ್ದು ಹೋದರಂತೆ. ಅದನ್ನು ಹಾಗೇ ಹೇಳಿಬಿಟ್ಟ, ದಡ್ಡ. ನಾನು ‘ಎಲ್ಲ ಸುಗಮ’ ಎಂದು ವರದಿ ಒಪ್ಪಿಸಿದೆ. ಸ್ಪೀಕರಿನ ವಿಷಯ ಸಣ್ಣದು.

ಮಾರ್ಚ್ ೧೨, ಬುಧವಾರ

ಬರೆಯಲು ಕೈ ಏಳುತ್ತಿಲ್ಲ. ಬರೆಯದಿದ್ದರೆ ಕಿರುಚಬೇಕಾಗುತ್ತದೆ.

ಅತ್ತೆಗೆ ಒಂದು ಅಭ್ಯಾಸ, ಯಾವುದೂ ಸುಮ್ಮನೆ ಉರಿಯಬಾರದು. ಖಾಲಿ ಕೋಣೆಯ ದೀಪ, ಫ್ಯಾನು, ನಾನು ಒಳಗೆ ಸೋಪು ಹಚ್ಚಿಕೊಂಡಿರುವಾಗ ಗೀಸರು, ಎಲ್ಲಕ್ಕೂ ಅವರ ಬೆರಳು ತಾಗುತ್ತದೆ. ಇವತ್ತು ಸಂಚಿಕೆ ಮುಗಿಸಿ ಇಯರ್‌ಬಡ್ ಡಬ್ಬಿಗೆ ಹಾಕಿ ನಂಟು ತೆರೆದರು. ಮೇಲೆ ನನ್ನ ದೊಡ್ಡ ಸ್ವಿಚ್ ಹೊಳೆಯುತ್ತಿತ್ತು. “ಕೆಲಸ ಮುಗೀತಲ್ಲ, ಇನ್ಯಾಕೆ ಇದು” ಎನ್ನುತ್ತಾ ಆಫ್ ಮಾಡಿದರು.

ಪರದೆಯ ಮೇಲಿನ ಮೌಸಿನ ಬಾಣ ನಿಂತಲ್ಲೇ ನಿಂತಿತು. ನಿಲ್ಲದೆ ಏನು ಮಾಡೀತು? ಮೌಸೂ ಬ್ಲೂಟೂತ್, ಕೀಬೋರ್ಡೂ ಬ್ಲೂಟೂತ್. ಬ್ಲೂಟೂತೇ ಆಫ್ ಆದಮೇಲೆ ಅದನ್ನು ಮತ್ತೆ ಆನ್ ಮಾಡುವ ಕೈ ಎಲ್ಲಿಂದ ಬರಬೇಕು? ಕೂತ ಕೊಂಬೆಯನ್ನೇ ಕಡಿಯಲು ನಾನು ಚೆಂದದ ಕೊಡಲಿ ಮಾಡಿ ಅತ್ತೆಯ ಕೈಗೆ ಕೊಟ್ಟಿದ್ದೆ. ಮೂರು ವರ್ಷ ಇದು ನನಗೇಕೆ ಹೊಳೆಯಲಿಲ್ಲ ಎಂದರೆ ನಾನು ಕೆಲಸ ಮಾಡುವುದು ಲ್ಯಾಪ್‌ಟಾಪಿನಲ್ಲಿ, ಅದರ ಕೀಬೋರ್ಡ್ ಮೈಗೇ ಅಂಟಿಕೊಂಡಿರುತ್ತದೆ. ಮೇಜಿನ ಕಂಪ್ಯೂಟರಿಗೆಂದು ಬರೆದದ್ದನ್ನು ಮೇಜಿನ ಕಂಪ್ಯೂಟರಿನ ಮುಂದೆ ಕೂತು ಒಮ್ಮೆಯೂ ಬಳಸಿರಲಿಲ್ಲ.

ಅತ್ತೆ ಮೌಸನ್ನು ಅಲ್ಲಾಡಿಸಿದರು, ತಟ್ಟಿದರು, ಮಗುಚಿ ಹಾಕಿ ನೋಡಿದರು. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದರು. ಆಫ್ ಮಾಡಿದ್ದು ಮರುದಿನವೂ ಆಫ್ ಆಗಿಯೇ ಇರಲೆಂದು ಅದನ್ನು ನೆನಪಿಟ್ಟುಕೊಳ್ಳುವ ಬುದ್ಧಿಯನ್ನೂ ನಂಟಿಗೆ ನಾನೇ ಕಲಿಸಿದ್ದೇನೆ. ಏನೂ ಆಗಲಿಲ್ಲ. ನಾನು ಹಿಂದೆ ಕಂಬದ ಹಾಗೆ ನಿಂತಿದ್ದೆ.

“ಕೆಡಿಸಿಬಿಟ್ಟೆ ಅಳಿಯಂದ್ರೇ” ಎಂದು ತಿರುಗಿದರು. ಕಣ್ಣು ಒದ್ದೆಯಾಗಿತ್ತು. “ನನ್ನ ಕೈ ಸುಮ್ಮನಿರಲ್ಲ ನೋಡಿ. ಎಷ್ಟು ಆಸೆಪಟ್ಟು ಕೊಡಿಸಿದ್ರಿ.”

ನಿಯಮದ ಪ್ರಕಾರ ನಾನು ಮಾತಾಡುವಂತಿರಲಿಲ್ಲ. ನಿಯಮ ಇಲ್ಲದಿದ್ದರೆ ಮಾತಾಡುತ್ತಿದ್ದೆನೇ? ಗೊತ್ತಿಲ್ಲ. ವೈರಿನ ಮೌಸಿಗಾಗಿ ಕಟ್ಟಡವೆಲ್ಲ ಅಲೆದೆ. ಇದ್ದದ್ದು ಒಬ್ಬರ ಹತ್ತಿರ ಮಾತ್ರ, ಸೆಕ್ರೆಟರಿಯ ಹತ್ತಿರ. ಸದ್ದು ಮತ್ತು ಸಭ್ಯತೆಯ ಬಗ್ಗೆ ಉಪನ್ಯಾಸ ಕೊಟ್ಟು, ಆಮೇಲೆ ಮೌಸ್ ಕೊಟ್ಟರು.

ಮಾರ್ಚ್ ೧೪, ಶುಕ್ರವಾರ

ಕಂಪ್ಯೂಟರ್ ಸರಿಹೋಗಿದೆ. ಅತ್ತೆ ಮುಟ್ಟುತ್ತಿಲ್ಲ. ಸೋಫಾದಲ್ಲಿ ಕೂತು ಗೋಡೆ ನೋಡುತ್ತಾರೆ. ಮನೆ ನಿಶ್ಶಬ್ದ. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಇಡೀ ದಿನ ಕೆಲಸದ ಒಂದು ಸಾಲೂ ಬರೆಯಲಾಗಲಿಲ್ಲ.

ಮಾರ್ಚ್ ೧೭, ಸೋಮವಾರ

ಎರಡನೆಯ ಸುತ್ತು, ಹಳೆಪೆಟ್ಟಿಗೆಯದು. ಅತ್ತೆ ಸುತರಾಂ ಒಪ್ಪಲಿಲ್ಲ. “ಒಂದು ಕೆಡಿಸಿದ್ದು ಸಾಲದಾ?” ಎಂದರು. ಆ ಧಾರಾವಾಹಿಯಲ್ಲಿ ಹೆಣ ಸಿಕ್ಕಿತಂತೆ, ಸೆಕ್ರೆಟರಿ ಹೇಳಿದರು ಎಂದು ಸುಳ್ಳು ಹೇಳಿದೆ. ಕೋಲು ಹುಡುಕಿಕೊಂಡು ಎದ್ದರು.

ಹಳೆಪೆಟ್ಟಿಗೆ ನೋಡಿ ಮುಖ ಸಿಂಡರಿಸಿದರು. “ಇದೇನು ಗುಂಡಿ ಮಾರೋ ಅಂಗಡಿನಾ?” ಎಂದರು. ಹೊಲಿಗೆಯವರಲ್ಲವೇ, ಆದರೂ ಒಂದೊಂದಾಗಿ ಓದಿ ಸರಿಯಾದದ್ದನ್ನೇ ಒತ್ತಿದರು. ಬಹಳ ಹೊತ್ತು ಹಿಡಿಯಿತು. ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಸಂಚಿಕೆ ಮುಗಿಯಿತು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಬೆರಳು ಮೆಲ್ಲಗೆ ಬ್ಲೂಟೂತ್ ಆಫ್ ಮಾಡುವ ಗುಂಡಿಯ ಕಡೆ ಹೋಯಿತು. ಒತ್ತಿದರು. ಪರದೆಯ ನಡುವೆ ಒಂದು ಚೌಕ ಬಂತು. ಅತ್ತೆ ಗಟ್ಟಿಯಾಗಿ ಓದಿದರು:

“ನಿಮ್ಮ ಮೌಸ್ ಮತ್ತು ಕೀಬೋರ್ಡ್ ಬ್ಲೂಟೂತ್ ಮೇಲೆಯೇ ನಡೆಯುತ್ತಿವೆ. ಆಫ್ ಮಾಡಿದರೆ ಅವೂ ನಿಲ್ಲುತ್ತವೆ, ಮತ್ತೆ ಆನ್ ಮಾಡಲು ಆಗದಿರಬಹುದು. ಆಫ್ ಮಾಡಲೇ?”

ಇನ್ನೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ. ಬೇಡ ಎನ್ನುವುದನ್ನು ಒತ್ತಿದರು. ಆಮೇಲೆ ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು.

“ಹಾಗಿದ್ರೆ ಅವತ್ತು ನಾನು ಕೆಡಿಸಿದ್ದಲ್ಲ.”

ನಾನು ಸುಮ್ಮನಿದ್ದೆ.

“ನಿಮಗೆ ಗೊತ್ತಿತ್ತು.”

ಸುಮ್ಮನಿದ್ದೆ.

“ಓ, ನೀವು ಮಾತಾಡೋ ಹಾಗಿಲ್ಲ ಅಲ್ವಾ? ಸರಿ. ಮಾತಾಡ್ಬೇಡಿ” ಎಂದು ಕೋಲೂರಿಕೊಂಡು ಒಳಗೆ ಹೋದರು. ನಾಚಿಕೆಯಾಯಿತು. ಇದನ್ನು ಬೇರೆ ಥರ ಬರೆಯಲು ಬರುವುದಿಲ್ಲ.

ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ಎಲ್ಲ ಕೇಳಿಸಿಕೊಂಡು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ” ಎಂದಳು.

“ನಾನು ಎಮ್ಮೆನೇನೇ?” ಎಂದು ಒಳಗಿನಿಂದ ಬಂತು. ಬಲಗಿವಿ.

ಮಾರ್ಚ್ ೧೮, ಮಂಗಳವಾರ

ತಡೆಯಲಾಗಲಿಲ್ಲ, ಮೀಸೆಗೆ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ಸಭೆಯ ಹೊರಗೆ ಇದೇ ಮೊದಲು. ಆ ಚೌಕವನ್ನು ಯಾರು ಹಾಕಿದ್ದು ಎಂದು ಕೇಳಿದೆ.

“ನಾನೇ” ಎಂದ. “ನಮ್ಮಪ್ಪ ಒಂದ್ಸಲ ಬ್ಲೂಟೂತೇ ಆಫ್ ಮಾಡ್ಕೊಂಡ್ರು. ಮೌಸ್ ಸತ್ತೋಯ್ತು ಅಂತ ಅಂಗಡಿಗೆ ಹೋಗಿ ಹೊಸದು ತಂದ್ರು. ಅದೂ ಬ್ಲೂಟೂತೇ! ಅದೂ ಸತ್ತೋಯ್ತು ಅಂತ ಇನ್ನೊಂದು ತಂದ್ರು. ಅಂಗಡಿಯವನ ಜೊತೆ ಜಗಳ ಆಡಿ ಬಂದಮೇಲೆ ನನಗೆ ಹೇಳಿದ್ದು. ಈಗ ವೈರಿನ ಮೌಸ್ ಬಿಟ್ಟು ಬೇರೆ ಮುಟ್ಟಲ್ಲ.”

ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ಅವನು, “ನಿಮ್ಮ ನಂಟು ನೋಡೋಕೆ ಎಷ್ಟು ಚೆನ್ನಾಗಿದೆ ಮಾರಾಯ್ರೇ, ನನಗೆ ಹಾಗೆ ಮಾಡೋಕೆ ಬರಲ್ಲ” ಎಂದ. ನಾನು ಫೋನ್ ಇಟ್ಟೆ.

ಒಂದು ಚೌಕ. ನಾಲ್ಕು ಸಾಲು ಬರೆದರೆ ನಂಟಿಗೂ ಬರುತ್ತದೆ. ಆದರೆ ಬೀಗ ಹಾಕಿದೆ. ಮುಂದಿನ ಸಲ ಸೇರಿಸುತ್ತೇನೆ, ಈ ಸಲ ಗೆಲ್ಲಲಿ ಎಂದು ಮನಸ್ಸು ಹೇಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಮಾರ್ಚ್ ೨೩, ಭಾನುವಾರ

ಅತ್ತೆ ದಿನವೂ ಹಳೆಪೆಟ್ಟಿಗೆಯಲ್ಲೇ ಧಾರಾವಾಹಿ ಕೇಳುತ್ತಿದ್ದಾರೆ. ದಿನವೂ ಆಫ್ ಮಾಡಲು ಹೋಗುತ್ತಾರೆ. ದಿನವೂ ಆ ಚೌಕವನ್ನು ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುತ್ತಾರೆ. ಊಟದ ಮೇಜಿನಲ್ಲಿ “ಅಳಿಯಂದ್ರೇ, ಇನ್ನೊಂಚೂರು ಬಡಿಸ್ಲಾ? ಬಡಿಸಿದ ಮೇಲೆ ವಾಪಸ್ ತೆಗೆಯೋಕೆ ಆಗದಿರಬಹುದು” ಎನ್ನುತ್ತಾರೆ.

ಮಾರ್ಚ್ ೩೦, ಭಾನುವಾರ

ಸಭೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಮೀಸೆಯ ಅಪ್ಪ ಮಾತಾಡಿದರು. “ನನ್ನ ಮಗಂದು ನೋಡಿದ್ರೇ ಹೆದರಿಕೆ ಆಗುತ್ತಪ್ಪ. ಆಮೇಲೆ ಹಾಕಿದ್ರಲ್ಲ, ಸ್ವಿಚ್ಚಿಂದು, ಅದು ಚೆನ್ನಾಗಿತ್ತು” ಎಂದರು. ಎದುರಾಳಿಯ ಮನೆಯಿಂದಲೇ ನನಗೆ ವೋಟು! ಅವರದು ವೈರಿನ ಮೌಸ್, ನಂಟು ಅವರಿಗೆ ತೊಂದರೆ ಕೊಟ್ಟಿರಲೇ ಇಲ್ಲ. ಇನ್ನು ಅತ್ತೆ ಒಂದು ಒಳ್ಳೆಯ ಮಾತಾಡಿದರೆ ನಂಟು ಗೆದ್ದ ಹಾಗೆ. ಅತ್ತೆ ನನ್ನನ್ನು ಹರಿದು ಹಾಕುತ್ತಾರೆ ಎಂದು ಹಲ್ಲು ಕಚ್ಚಿ ಕೂತೆ.

ಅತ್ತೆ ಕೊರಳು ಸರಿಮಾಡಿಕೊಂಡರು. “ನನಗೆ ಎರಡರಲ್ಲೂ ನಂಟೇ ಇಷ್ಟ ಆಯ್ತು. ಏನು ಅಂದ, ಏನು ಸುಲಭ! ಕಣ್ಣಿಗೆ ಹಬ್ಬ” ಎಂದರು.

ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

“ತೊಂದರೆ ಏನೂ ಆಗ್ಲಿಲ್ವಾ ಅಮ್ಮಾ?” ಎಂದು ಯಜಮಾನರು ಕೇಳಿದರು.

“ಒಂದ್ಸಲ ನಿಂತೋಯ್ತು. ಅದು ನಾನೇ ಕೆಡಿಸಿದ್ದು. ವಯಸ್ಸಾಯ್ತಲ್ಲ, ನನ್ನ ಕೈ ಸುಮ್ಮನಿರಲ್ಲ. ನಂಟಿಂದು ಏನೂ ತಪ್ಪಿಲ್ಲ.”

“ಹಾಗಾದ್ರೆ ಇಬ್ಬರದೂ ಒಂದೇ ಮಾತು. ನಂಟು ಅಂತ ತೀರ್ಮಾನ ಮಾಡೋಣ್ವಾ?” ಎಂದರು ಯಜಮಾನರು.

ಮೂರು ವರ್ಷದಿಂದ ಕಾದ ಮಾತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮುಗಿಯುತ್ತಿತ್ತು, ಅದೂ ನಿಯಮದ ಪ್ರಕಾರವೇ.

“ಅವರು ಕೆಡಿಸಿದ್ದಲ್ಲ!” ಎಂದು ಕಿರುಚಿದೆ. ಡಾಕ್ಟರು ಕ್ಷಮಿಸಲಿ. “ವೈರ್ ಕಿತ್ತವನು ನಾನು. ಕೇಳದೆ ಆಫ್ ಆಗೋ ಹಾಗೆ ಬರೆದವನು ನಾನು. ಅವರು ಅತ್ತಾಗ ಬಾಯಿ ಮುಚ್ಕೊಂಡಿದ್ದವನೂ ನಾನೇ. ಕೆಳಮನೆ ಸ್ಪೀಕರಲ್ಲಿ ಕೊಲೆ ಕೇಳಿಸಿದ್ದೂ ನನ್ನಿಂದಲೇ. ಹಳೆಪೆಟ್ಟಿಗೆ ಕೇಳುತ್ತೆ, ನಂಟು ಕೇಳಲ್ಲ. ಹಳೆಪೆಟ್ಟಿಗೆನೇ ಇಡಿ.”

“ಹಳೆಪೆಟ್ಟಿಗೆ ಅಂದ್ರೆ ಯಾವುದು?” ಎಂದ ಮೀಸೆ. ಆ ಹೆಸರು ಅಲ್ಲಿಯವರೆಗೆ ನನ್ನ ಬಾಯಿಂದ ಹೊರಗೆ ಬಿದ್ದಿರಲಿಲ್ಲ.

“ನೀವು ನಿಯಮ ಮುರಿದ್ರಿ” ಎಂದರು ಯಜಮಾನರು.

“ಮುರಿದೆ.”

“ಸರಿ. ಹಳೆಪೆಟ್ಟಿಗೆ ಡೀಫಾಲ್ಟ್.” ಯಜಮಾನರ ಬಾಯಲ್ಲೂ ಅದೇ ಹೆಸರು ಬಂತು.

ಪರದೆ ಆರಿದ ಕೂಡಲೇ ಅತ್ತೆ ನನ್ನ ಮೇಲೆ ಬಿದ್ದರು. “ಅಲ್ಲಾ ಅಳಿಯಂದ್ರೇ, ಗೆಲ್ಲಿಸಿ ಕೈಗೆ ಕೊಡ್ತಿದ್ನಲ್ಲ! ಆಡಬೇಕಾದಾಗ ಬಾಯಿಗೆ ಬೀಗ, ಮುಚ್ಚಿಕೊಂಡಿರಬೇಕಾದಾಗ ತಮಟೆ!”

“ನಂಟು ನಂದು ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?”

“ಮೊದಲನೇ ದಿನಾನೇ ಅವಳು ಹೇಳಿದ್ಲು. ಗೊತ್ತಿಲ್ದೆ ಇದ್ದಿದ್ರೆ ಆ ಮಕ್ಕಳಾಟದ ಸ್ವಿಚ್ಚಿಗೆ ಆಹಾ ಓಹೋ ಅಂತಿದ್ನಾ?”

ಹೆಂಡತಿ ತುರ್ತಾಗಿ ಅಡುಗೆಮನೆಗೆ ಹೋದಳು. ಅತ್ತೆ ಇಯರ್‌ಬಡ್ ಡಬ್ಬಿ ತೆರೆದು ಎಡಗಡೆಯದನ್ನು ಮುಂದೆ ಹಿಡಿದರು.

“ಹಾಕ್ಕೊಳ್ಳಿ. ನನಗಂತೂ ಅದು ದಂಡ. ಇವತ್ತು ವಿಚಾರಣೆ ಇದೆ, ಒಬ್ಬಳೇ ಕೇಳೋಕೆ ಹೆದರಿಕೆ.”

ಹೆದರಿಕೆಯಂತೆ, ಅತ್ತೆಗೆ!

ಏಪ್ರಿಲ್ ೭, ಸೋಮವಾರ

ಹೆಂಡತಿ ರಕ್ತದೊತ್ತಡ ನೋಡಿದಳು, ಚೆನ್ನಾಗಿ ಇಳಿದಿದೆ. ಉಪ್ಪು ಬಿಟ್ಟದ್ದು ಕೆಲಸ ಮಾಡಿದೆ. ಬರೆಯುವುದರಿಂದ ಏನೂ ಉಪಯೋಗ ಕಾಣಲಿಲ್ಲ, ಹಾಗಾಗಿ ಇದನ್ನು ಇವತ್ತಿಗೆ ನಿಲ್ಲಿಸುತ್ತೇನೆ.

ಪುರುಸೊತ್ತೂ ಇಲ್ಲ. ಹಳೆಪೆಟ್ಟಿಗೆಯ ಗುಂಡಿಗಳನ್ನು ಕಡಿಮೆ ಮಾಡಿಕೊಡಿ ಎಂದು ಮೀಸೆ ಗಂಟುಬಿದ್ದಿದ್ದಾನೆ. ನಾನೊಂದು ಗುಂಡಿ ತೆಗೆದರೆ ಅವನು ಅಯ್ಯಯ್ಯೋ ಎನ್ನುತ್ತಾನೆ, ದಿನಕ್ಕೊಂದು ಜಗಳ. ಪಟ್ಟಿಯಲ್ಲಿ ಸ್ಪೀಕರುಗಳ ಪೂರ್ತಿ ಹೆಸರು ಕಾಣಬೇಕೆಂದು ನಾನೇ ಹಟ ಹಿಡಿದು ಉಳಿಸಿದೆ. ಸಂಜೆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಏಳಬೇಕಾಗುತ್ತದೆ, ಅದೊಂದು ಕಿರಿಕಿರಿ. ಕೊಲೆ ಮಾಡಿದ್ದು ವಕೀಲ ಎಂದು ಅತ್ತೆಯ ವಾದ. ಡ್ರೈವರ್ ಅಲ್ಲದೆ ಇನ್ಯಾರೂ ಆಗಿರಲು ಸಾಧ್ಯವಿಲ್ಲ, ಅದು ಯಾರಿಗಾದರೂ ಗೊತ್ತಾಗುತ್ತದೆ.

ಮೀಸೆ ನಾನು ಕಳಿಸುವ ನಮ್ಮ ಮನೆಯ ಕಂಪ್ಯೂಟರಿನ ವರದಿ ನೋಡಿ ಇವತ್ತು ಒಂದು ಅನುಮಾನ ಬರೆದಿದ್ದ: ‘ನಿಮ್ಮ ಅತ್ತೆಯವರ ಎಡಗಡೆ ಇಯರ್‌ಬಡ್ ಮೊದಲು ಯಾವಾಗ ನೋಡಿದರೂ ನೂರು ಇರುತ್ತಿತ್ತು. ಒಂದು ವಾರದಿಂದ ಬಲಗಡೆಯದರ ಜೊತೆಜೊತೆಗೇ ಇಳಿಯುತ್ತಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಏನೋ ದೋಷ ಇರಬೇಕು, ನೋಡಿ.’

ನೋಡಿ ಉತ್ತರ ಬರೆದೆ: ‘ದೋಷವಲ್ಲ. ಎಡಗಡೆಯದೂ ಈಗ ಬಳಕೆಯಲ್ಲಿದೆ.’

ಅತ್ತೆ ಕರೆಯುತ್ತಿದ್ದಾರೆ. ಶುರುವಾಯಿತಂತೆ.